ಆ ಮನೆಯ ಹೆಂಗಸಿನ ಊಟ

ಮಗಳ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡವರು ನಮ್ಮ ಅತ್ತೆ. ದೀಪಾವಳಿ ಆಗಷ್ಟೇ ಕಳೆದಿತ್ತು. ಹಬ್ಬದ ಓಡಾಟಕ್ಕೆ ಸುಸ್ತಾಗಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಅತ್ತೆ ಅವಳನ್ನು ಬಾಗಿಲ ಬೆಳಕಿಗೆ ಕರೆದು, ಕೆಳಗಿನ ರೆಪ್ಪೆ ಎಳೆದು ನೋಡಿ, ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿದರು. ಅಷ್ಟರಲ್ಲೇ ನನಗೆ ಗೊತ್ತಾಯಿತು. ಸಾಗರದ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ಮರುದಿನ ಕಾಮಾಲೆ ಎಂದು ಖಾತ್ರಿಯಾಯಿತು.

ಅವಳಾಗ ಪಿಯುಸಿ ಮೊದಲ ವರ್ಷ. ಡಾಕ್ಟರು ಹೆಚ್ಚು ಮದ್ದೇನೂ ಬರೆಯಲಿಲ್ಲ. ಮಲಗಬೇಕು, ಎಣ್ಣೆಯದು ಕರಿದದ್ದು ಬೇಡ, ಸ್ವಲ್ಪ ಸ್ವಲ್ಪವಾದರೂ ಆಗಾಗ ಹೊಟ್ಟೆಗೆ ಬೀಳಬೇಕು ಅಂದರು. ತಿನ್ನದೆ ಹೀಗೇ ಇಳಿಯುತ್ತ ಹೋದರೆ ದಾಖಲು ಮಾಡಿ ಗ್ಲೂಕೋಸ್ ಹಾಕಬೇಕಾಗುತ್ತದೆ ಎಂದೂ ಅಂದರು. ಮೇಗರವಳ್ಳಿಯ ನನ್ನ ಅಕ್ಕ ಫೋನು ಮಾಡಿ, ಅಲ್ಲಿ ಯಾರೋ ಕೊಡುವ ಸೊಪ್ಪಿನ ಮದ್ದು ಕಳಿಸುತ್ತೇನೆಂದಳು. ಡಾಕ್ಟರನ್ನು ಕೇಳದೆ ಏನೂ ಬೇಡ ಎಂದು ಇವರು ತಡೆದರು. ಮಾರ್ಕೆಟ್ಟಿನ ಹಿಂದೆ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಮನುಷ್ಯ ಇವರು. ಎಲ್ಲಿ ಕೈ ಹಾಕಬಾರದು ಎನ್ನುವುದು ಇವರಿಗೆ ಚೆನ್ನಾಗಿ ಗೊತ್ತು.

ಊಟವೊಂದೇ ಮದ್ದು, ಆದರೆ ಮಗಳಿಗೆ ಅದೇ ಸೇರುತ್ತಿರಲಿಲ್ಲ. ಗಂಜಿಯ ತಟ್ಟೆ ಕಂಡರೆ ಗೋಡೆ ಕಡೆ ತಿರುಗುತ್ತಿದ್ದಳು. ಬೇಯಿಸಿದ ಬೂದುಗುಂಬಳ ಕೊಟ್ಟೆ, ಒಗ್ಗರಣೆ ಇಲ್ಲದ ಒಂದೆಲಗದ ತಂಬುಳಿ ಕೊಟ್ಟೆ. ಎರಡು ಚಮಚಕ್ಕೆ ಸಾಕು ಅನ್ನುತ್ತಿದ್ದಳು. ಅವಳ ಬಳೆ ಮೊಣಕೈವರೆಗೂ ಜಾರುತ್ತಿದ್ದದ್ದನ್ನು ನೋಡಿ ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ. ಕಡೆಗೆ ಒಂದು ಬೆಳಿಗ್ಗೆ ದೇವರ ಮುಂದೆ ನಿಂತು, ಮಗು ತಟ್ಟೆ ತುಂಬ ಊಟ ಮಾಡುವವರೆಗೆ ನಾನು ಒಪ್ಪತ್ತು ಎಂದು ತವರಿನ ಊರ ದೇವಿಗೆ ಹೇಳಿಕೊಂಡೆ. ದಿನಕ್ಕೆ ಒಂದೇ ಊಟ, ಅದೂ ಮನೆಯವರೆಲ್ಲರದ್ದೂ ಆದ ಮೇಲೆ. ಹರಕೆ ಹೊತ್ತವರು ಅದನ್ನು ಹೇಳಿಕೊಂಡು ತಿರುಗುವುದಿಲ್ಲ. ಅತ್ತೆಗೆ ಗೊತ್ತಾಗಿರಬೇಕು, ಅವರೂ ಕೇಳಲಿಲ್ಲ.

ಇದರ ನಡುವೆ ಬಂದದ್ದು ಆ ಆಟ.

ಮಗಳ ಓದಿಗೆಂದು ನನ್ನ ತಮ್ಮ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದ. ಅದರಲ್ಲಿ ಇವಳು ಒಂದು ಸಂಸಾರ ಕಟ್ಟಿಕೊಂಡಿದ್ದಾಳೆಂದು ನನಗೆ ಗೊತ್ತಾದದ್ದೇ ಆಗ. ಕೂತು ಆಡಲು ಅವಳಿಗೆ ತ್ರಾಣವಿರಲಿಲ್ಲ. ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಮೌಸನ್ನು ನನ್ನ ಕೈಗೆ ಕೊಟ್ಟು, ತಾನು ಮಲಗಿಕೊಂಡೇ ಹೇಳಿಕೊಡುತ್ತೇನೆ ಅಂದಳು. ನನಗೆ ಮೊಬೈಲಿನಲ್ಲಿ ಭಜನೆ ಹಾಕುವುದರ ಆಚೆ ಏನೂ ಬರುವುದಿಲ್ಲ. ಆದರೆ ಗೋಡೆ ನೋಡುತ್ತಿದ್ದ ಹುಡುಗಿ ನನ್ನ ಕಡೆ ತಿರುಗಿದಳಲ್ಲ, ಅದೇ ದೊಡ್ಡದು ಎಂದು ಕೂತೆ.

ಆಟವೆಂದರೆ ಗೆಲ್ಲುವುದು ಸೋಲುವುದು ಎಂದು ತಿಳಿದಿದ್ದೆ. ಇದರಲ್ಲಿ ಅಂಥದ್ದೇನೂ ಇಲ್ಲ. ಒಂದು ಮನೆ. ಮಾಡು ತೆಗೆದು ಮೇಲಿಂದ ಇಣುಕಿದ ಹಾಗೆ ಒಳಗಿನದೆಲ್ಲ ಕಾಣುತ್ತದೆ. ಗಂಡ, ಹೆಂಡತಿ, ಒಬ್ಬಳು ಹುಡುಗಿ, ತುರುಬು ಕಟ್ಟಿದ ಒಬ್ಬ ಅಜ್ಜಿ. ಯಾರನ್ನು ಒತ್ತಿದರೂ ಕೆಳಗೆ ಅವರವರ ಗೆರೆಗಳು ಬರುತ್ತವೆ. ಹಸಿವಿಗೊಂದು, ನಿದ್ದೆಗೊಂದು, ಸ್ನಾನಕ್ಕೊಂದು, ಪಾಯಖಾನೆಗೊಂದು, ಮಾತಿಗೆ ಯಾರಾದರೂ ಬೇಕು ಎನ್ನುವುದಕ್ಕೂ ಒಂದು. ಗೆರೆ ಹಸಿರಿದ್ದರೆ ಸುಖ, ಹಳದಿಯಾದರೆ ಜೋಪಾನ ಮಾಡಬೇಕು, ಕೆಂಪಾದರೆ ಕಷ್ಟ. ಎಲ್ಲರ ಗೆರೆಯನ್ನೂ ನೋಡಿಕೊಂಡು ಬೇಕಾದದ್ದನ್ನು ಒದಗಿಸುತ್ತಿರಬೇಕು. ಅಷ್ಟೇ ಆಟ. ಮದುವೆಯಾದಾಗಿಂದ ನಾನು ಮಾಡುತ್ತಿರುವುದೂ ಇದೇ ಅಲ್ಲವಾ ಅನ್ನಿಸಿತು. ಗೆರೆಗಳು ಮಾತ್ರ ಕಂಡಿರಲಿಲ್ಲ.

ಮೊದಲ ದಿನವೇ ತಕರಾರು. ಆ ಮನೆಯವರು ಎದ್ದವರೇ ತಿಂಡಿಗೆ ಹೋಗುತ್ತಿದ್ದರು. ಸ್ನಾನವಿಲ್ಲದೆ ಒಲೆ ಮುಟ್ಟಕೂಡದು ಎಂದು ನಾನು ನಾಲ್ವರನ್ನೂ ಬಚ್ಚಲಿಗೆ ಕಳಿಸಿದೆ. ಇದ್ದದ್ದು ಒಂದೇ ಬಚ್ಚಲು. ಗಂಡಸು ಬಾಗಿಲಲ್ಲಿ ನಿಂತು ಕೈ ಬೀಸಿ ತನ್ನ ಭಾಷೆಯಲ್ಲಿ ಏನೋ ಕೂಗಾಡಿದ, ಕೆಲಸಕ್ಕೆ ತಡವಾಗಿ ಹೋದ. ಹೀಗೇ ಆದರೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಮಗಳು ಹೆದರಿಸಿದಳು. ಮಡಿಗಿಂತ ಹೊಟ್ಟೆಪಾಡು ಮೊದಲು ಎಂದು ಒಪ್ಪಿಕೊಂಡು ಅವನೊಬ್ಬನಿಗೆ ವಿನಾಯಿತಿ ಕೊಟ್ಟೆ. ಆ ಮನೆಯಲ್ಲಿ ದೇವರ ಗೂಡಿರಲಿಲ್ಲ. ಪೂರ್ವ ಯಾವುದೆಂದು ಅದರೊಳಗೆ ಗೊತ್ತಾಗುವುದಿಲ್ಲ. ಕಿಟಕಿಯಲ್ಲಿ ಬೆಳಗಾಗುವ ಕಡೆ ನೋಡಿ ಒಂದು ಸಣ್ಣ ಮೇಜು ಇಡಿಸಿದೆ. ಮಗಳು ಆಟದ ಸಾಮಾನುಗಳಲ್ಲಿ ಹುಡುಕಿಸಿ ಒಂದು ಮೇಣದಬತ್ತಿ ತರಿಸಿದಳು. ಅದಾದರೂ ಬೆಳಕೇ ತಾನೆ.

ಅತ್ತೆಯೂ ಕುರ್ಚಿ ಎಳೆದುಕೊಂಡು ಬಂದು ಕೂರತೊಡಗಿದರು. ಆಟದ ಮನೆಯವರು ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಹೋಗುವುದು ನಮ್ಮ ಅತ್ತೆಗೆ ಸಹಿಸಲಾಗುತ್ತಿರಲಿಲ್ಲ. ಆ ಮನೆಯ ಸೊಸೆಗೆ ಸೀರೆ ಉಡಿಸಲು ಬರುವುದಿಲ್ಲವಾ ಎಂದು ಕೇಳಿದರು. ಒಂದು ಮಧ್ಯಾಹ್ನ ಸುಮ್ಮನೆ ನೋಡುತ್ತಿದ್ದವರು, "ಆ ಮುದುಕಿ ಹತ್ರ ಯಾರಾದ್ರೂ ಮಾತಾಡ್ರೇ. ಆಗಿಂದ ಅದರ ಗೆರೆ ಕೆಂಪಗೇ ಇದೆ" ಅಂದರು. ಮಗಳು ನನ್ನಿಂದ ಆಟದ ಮೊಮ್ಮಗಳನ್ನು ಮುದುಕಿಯ ಪಕ್ಕ ಕೂರಿಸಿದಳು. ಅವರಿಬ್ಬರೂ ನಗುತ್ತ ಮಾತಾಡಿಕೊಂಡರು. ಪರದೆಯ ಈಚೆ ನಮ್ಮ ಅತ್ತೆ ತಮ್ಮ ಮೊಮ್ಮಗಳ ಕಾಲು ಒತ್ತುತ್ತ ಕೂತಿದ್ದರು.

ಇಷ್ಟೆಲ್ಲ ಆದರೂ ಮಗಳ ಊಟ ಎರಡು ಚಮಚ ದಾಟಲಿಲ್ಲ. ಮುಂದಿನ ಸಲ ತೂಕ ನೋಡಿದಾಗ ಡಾಕ್ಟರು ಮುಖ ಸಣ್ಣ ಮಾಡಿದರು. ಈ ವಾರವೂ ಹೀಗೇ ಆದರೆ ಬಟ್ಟೆಬರೆ ತಗೊಂಡೇ ಬನ್ನಿ ಅಂದರು.

ಆಸ್ಪತ್ರೆಯಿಂದ ಬಂದ ದಿನವೇ ಆ ಹೆಂಗಸು ಬಿದ್ದದ್ದು. ಆಟದೊಳಗಿನ ಹೆಂಡತಿಯ ವಿಷಯ ಹೇಳುತ್ತಿದ್ದೇನೆ.

ನಾನು ಅವಳನ್ನು ನನ್ನ ಹಾಗೇ ನಡೆಸುತ್ತಿದ್ದೆ, ಬೇರೆ ಹೇಗೆ ನಡೆಸಲಿ. ಅಡುಗೆ ಮಾಡಿಸಿದೆ. ಗಂಡನನ್ನು ಕರೆದು ಕೂರಿಸಿದೆ, ಹುಡುಗಿಯನ್ನು ಕೂರಿಸಿದೆ, ಅಜ್ಜಿಗೆ ಬೇರೆ ಕೊಡಿಸಿದೆ. ಅವಳು ತಾನೂ ಒಂದು ತಟ್ಟೆ ಹಿಡಿದು ಕೂರಲು ಹೋದಾಗಲೆಲ್ಲ ಬಿಡಿಸಿ ಎಬ್ಬಿಸಿದೆ. ಎಂಜಲು ತಟ್ಟೆಗಳು ಹಾಗೇ ಬಿದ್ದಿರುವಾಗ ಮನೆಯ ಹೆಂಗಸು ಉಣ್ಣಲು ಕೂರುವುದುಂಟೇ? ಪಾತ್ರೆ ತೊಳೆಸಿದೆ, ನೆಲ ಒರೆಸಿಸಿದೆ. ಅಷ್ಟರಲ್ಲಿ ಹುಡುಗಿಗೆ ಪಾಠ ಹೇಳಿಕೊಡಬೇಕಿತ್ತು. ಎಲ್ಲ ಮುಗಿಸಿ ಈಗ ಉಣ್ಣು ಎಂದು ಕಳಿಸಿದರೆ, ಇಟ್ಟಿದ್ದ ಅನ್ನಕ್ಕೆ ನೊಣ ಮುತ್ತಿತ್ತು. ಆ ಆಟದಲ್ಲಿ ಹೊತ್ತು ಮೀರಿದರೆ ಊಟ ಹಳಸುತ್ತದೆ. ಅದನ್ನು ಚೆಲ್ಲಿ ಬೇರೆ ಮಾಡಲಿ ಎಂದು ಒಲೆಯ ಹತ್ತಿರ ಕಳಿಸಿದೆ. ಮೂವರ ಗೆರೆಯೂ ಹಸಿರಿದ್ದದ್ದನ್ನೇ ನೋಡಿಕೊಂಡು ಖುಷಿಯಲ್ಲಿದ್ದೆ. ಅವಳ ಗೆರೆಯನ್ನು ಒತ್ತಿ ನೋಡಿರಲೇ ಇಲ್ಲ. ಒಲೆಯ ಮುಂದೆ ಎರಡು ಸಲ ತೂಗಾಡಿ, ಅವಳು ದೊಪ್ಪನೆ ನೆಲಕ್ಕೆ ಬಿದ್ದಳು.

ಮೌಸ್ ಬಿಟ್ಟು ಮಗಳ ಕಡೆ ತಿರುಗಿದೆ. "ಎಂತ ಆಯ್ತೇ ಇವಳಿಗೆ?" ಎಂದೆ.

ಮಗಳು ತಲೆಯೆತ್ತಿ ನೋಡಿದಳು. "ಅಮ್ಮ, ಅವಳಿಗೆ ಬೆಳಿಗ್ಗೆಯಿಂದ ಊಟನೇ ಹಾಕ್ಲಿಲ್ವಾ?"

"ಎಲ್ಲರದ್ದೂ ಆದ್ಮೇಲೆ ಉಣ್ತಾಳೆ ಅಂತ ಇದ್ದೆ."

"ಬೇರೆಯವ್ರು ಉಂಡ್ರೆ ಅವಳ ಹೊಟ್ಟೆ ತುಂಬಲ್ಲಮ್ಮ."

ಇಷ್ಟು ಹೇಳಿ ನಗುತ್ತಾಳೆಂದುಕೊಂಡೆ. ನಗಲಿಲ್ಲ. ಪರದೆಯಲ್ಲಿ ಬಿದ್ದವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, "ನೀ ಇವತ್ತು ಎಂತ ಉಂಡೆ?" ಎಂದು ಕೇಳಿದಳು.

ಹರಕೆಯನ್ನು ಹೇಳಿಕೊಳ್ಳಬಾರದು, ಸುಳ್ಳನ್ನೂ ಆಡಬಾರದು. ನಾನು ಅವಳ ಹೊದಿಕೆ ಸರಿಮಾಡತೊಡಗಿದೆ. ಅವಳು ಬಿಡಲಿಲ್ಲ. ನಿನ್ನೆ ರಾತ್ರಿ ಎಂತ, ಮೊನ್ನೆ ಎಂತ ಎಂದು ಒಂದೊಂದಾಗಿ ಕೇಳಿದಳು. ಕಡೆಗೆ ಬಾಗಿಲಲ್ಲಿ ನಿಂತಿದ್ದ ಅತ್ತೆಯೇ ಹೇಳಿಬಿಟ್ಟರು, ನೀನು ತಟ್ಟೆ ತುಂಬ ಉಣ್ಣೋವರೆಗೆ ನಿನ್ನ ಅಮ್ಮ ಒಪ್ಪತ್ತು ಎಂದು. ಮಗಳ ಹಳದಿ ಕಣ್ಣು ತುಂಬಿಕೊಂಡಿತು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ.

"ನೀ ನನ್ ಜೊತೆ ಕೂತು ಉಂಡ್ರೆ ನಾನೂ ಉಣ್ತೀನಿ. ಇಲ್ದಿದ್ರೆ ನಂಗೂ ಬೇಡ" ಅಂದಳು.

ಒಳ್ಳೆಯ ಇಕ್ಕಟ್ಟು. ಉಂಡರೆ ದೇವಿಗೆ ಕೊಟ್ಟ ಮಾತು ತಪ್ಪುತ್ತದೆ, ಮಗುವಿಗೇ ಏನಾದರೂ ಆದರೆ? ಉಣ್ಣದಿದ್ದರೆ ಮಗು ಉಣ್ಣುವುದಿಲ್ಲ. ಅಡುಗೆಮನೆಗೆ ಬಂದು ಗಂಜಿ ಕಲಕುತ್ತ ನಿಂತೆ. ಅತ್ತೆ ಹಿಂದೆಯೇ ಬಂದರು. ದೇವರ ಗೂಡಿನಿಂದ ಅರಿಶಿನದ ಬಟ್ಟೆಯ ಒಂದು ಚೂರು ತಂದು, ಅದರಲ್ಲಿ ಒಂದು ನಾಣ್ಯ ಇಟ್ಟು ಗಂಟು ಕಟ್ಟಿದರು. ತಪ್ಪುಕಾಣಿಕೆ. ಹೇಳಿಕೊಂಡದ್ದು ನಡೆಸಲಾಗದೆ ಹೋದರೆ ಹೀಗೆ ತೆಗೆದಿಟ್ಟು, ಆಮೇಲೆ ದೇವರಿಗೆ ಮುಟ್ಟಿಸಿ ತಪ್ಪಾಯಿತು ಎನ್ನುವುದು ನಮ್ಮಲ್ಲಿ ಮೊದಲಿಂದ ಬಂದದ್ದು.

"ಉಣ್ಣು ಮಗಾ. ಅವಳೂ ಮಕ್ಕಳನ್ನ ಸಾಕಿದೋಳೇ" ಎಂದರು, ದೇವಿಯನ್ನು ಕುರಿತು. ಗಂಟನ್ನು ದೇವರ ಮುಂದಿಟ್ಟು ಕೈಮುಗಿದು ಬಂದು, ತಟ್ಟೆ ತೆಗೆಯುತ್ತ ತಮ್ಮಷ್ಟಕ್ಕೆ ಅನ್ನುವ ಹಾಗೆ ಅಂದರು: "ಎಲ್ಲರದ್ದೂ ಆದ್ಮೇಲೆ ಕಡೆಗೆ ಉಂಡೂ ಉಂಡೂ ನಂಗೆ ಬಿಸಿ ಅನ್ನದ ರುಚಿನೇ ಮರ್ತುಹೋಗಿತ್ತು."

ಆ ಮಧ್ಯಾಹ್ನ ಮಗಳ ಮಂಚದ ಪಕ್ಕ ನೆಲದ ಮೇಲೆ ತಟ್ಟೆ ಹಾಕಿಕೊಂಡು ಕೂತೆ. ಅವಳದ್ದೇ ಗಂಜಿ, ಅವಳದ್ದೇ ಸಪ್ಪೆ ಪಲ್ಯ. ನನಗೆ ಬೇರೆ ರುಚಿಯಾದದ್ದು ಇದೆ ಎಂದು ಅವಳು ಹೇಳುವಂತಿರಬಾರದಲ್ಲ. ಚಮಚ ಎತ್ತಿ ಹಿಡಿದು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು. ನಾನೊಂದು ತುತ್ತು ಇಟ್ಟರೆ ಅವಳೊಂದು ಚಮಚ. ನನಗೋ ಹಸಿವು. ಬೇಗ ಬೇಗ ಉಂಡೆ. ಅವಳೂ ಹಟಕ್ಕೆ ಬಿದ್ದು ಹಿಂದೆಯೇ ಬಂದಳು. ಅರ್ಧ ತಟ್ಟೆ ಆಯಿತು. ನಾನೇನೂ ಅನ್ನಲಿಲ್ಲ. ಅಂದರೆ ನಿಲ್ಲಿಸಿಬಿಡುತ್ತಾಳೆಂದು ಭಯ.

ಇವರು ಅಂಗಡಿಯಿಂದ ಊಟಕ್ಕೆ ಬರುವುದಕ್ಕೆ ಮೊದಲು ನಾನು ಉಂಡದ್ದು ಅದೇ ಮೊದಲು. ಇವರು ಬಾಗಿಲಲ್ಲಿ ನಿಂತು ನಮ್ಮಿಬ್ಬರ ತಟ್ಟೆ ನೋಡಿದರು. ಏಳಬೇಡ ಎಂದು ಕೈಸನ್ನೆ ಮಾಡಿ, ಹೋಗಿ ತಾವೇ ಬಡಿಸಿಕೊಂಡರು. ಸಾರಿನ ಸೌಟನ್ನು ಮಜ್ಜಿಗೆಗೆ ಹಾಕಿದ್ದು ಬಿಟ್ಟರೆ ಬೇರೆ ಅನಾಹುತವಾಗಲಿಲ್ಲ.

ಬಿದ್ದಿದ್ದ ಹೆಂಗಸನ್ನು ಎಬ್ಬಿಸಿದ್ದು ಅದಾದ ಮೇಲೆ. ಮಗಳು ಹೇಳಿದ ಹಾಗೆ ಮೊದಲು ಅವಳಿಗೇ ಊಟ, ಆಮೇಲೆ ನಿದ್ದೆ. ಪಾತ್ರೆ ಹಾಗೇ ಬಿದ್ದಿತ್ತು, ಬಿದ್ದಿರಲಿ ಎಂದು ಬಿಟ್ಟೆ. ಬಿಡುವುದು ಸುಲಭವೇನಲ್ಲ, ಕಣ್ಣು ಅತ್ತಲೇ ಹೋಗುತ್ತಿತ್ತು. ಗಂಡಸು ಸಿಂಕಿನ ಮುಂದೆ ಮುಖ ಗಂಟಿಕ್ಕಿಕೊಂಡು ತಾನೇ ತೊಳೆದ.

ಆ ವಾರ ಬಟ್ಟೆಬರೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೋದೆವು. ತೂಕದ ಮುಳ್ಳು ಸ್ವಲ್ಪ ಮೇಲೆ ನಿಂತಿತು. ಬಿಚ್ಚದ ಬಟ್ಟೆಯ ಗಂಟನ್ನೇ ಹೊತ್ತುಕೊಂಡು ಮನೆಗೆ ಬಂದೆವು. ದೇವಿಯ ಕರುಣೆ ಎಂದು ನಾನು ಎಣಿಸಿಕೊಳ್ಳುವುದರಲ್ಲಿ ಆ ಬಿಚ್ಚದ ಗಂಟೂ ಒಂದು. ಮೊದಲು ಮಗಳ ತಟ್ಟೆಯ ಗಂಜಿ ಪೂರ್ತಿ ಮುಗಿಯತೊಡಗಿತು, ಆಮೇಲೆ ಅನ್ನ. ಒಂದು ಬೆಳಿಗ್ಗೆ ಅತ್ತೆ ಮತ್ತೆ ಅವಳನ್ನು ಬಾಗಿಲ ಬೆಳಕಿಗೆ ಕರೆದು ರೆಪ್ಪೆ ಎಳೆದು ನೋಡಿ, "ಬೆಳ್ಳಗಿದೆ" ಎಂದಷ್ಟೇ ಹೇಳಿ ಕಾಫಿಗೆ ನೀರಿಡಲು ಹೋದರು. ಕಾಲೇಜಿಗೆ ಹೊರಡುವಷ್ಟಾದ ಮೇಲೂ, ಮಗಳು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ನನ್ನ ಗೆರೆ ಯಾವ ಬಣ್ಣದಲ್ಲಿದೆ ಎಂದು ಕೇಳಿಯೇ ಹೋಗುತ್ತಿದ್ದಳು.

ಶಿವರಾತ್ರಿ ಹತ್ತಿರವಿರುವಾಗ ಅತ್ತೆ, ನಾನು, ಮಗಳು ಮೂವರೂ ಬಸ್ಸು ಹತ್ತಿ ಹೊಸನಗರದ ಕಡೆ ನನ್ನ ತವರಿನ ಊರಿಗೆ ಹೋದೆವು. ದಾರಿಯಲ್ಲಿ ನನಗೆ ಆಟದ ಮನೆಯವರದ್ದೇ ಯೋಚನೆ, ಹೊರಡುವ ಗಡಿಬಿಡಿಯಲ್ಲಿ ಅಜ್ಜಿಗೆ ಊಟ ಹಾಕಿದೆನೋ ಇಲ್ಲವೋ ಎಂದು. ಲ್ಯಾಪ್‌ಟಾಪ್ ಮುಚ್ಚಿದರೆ ಅವರಿಗೆ ಹಸಿವಾಗುವುದೇ ಇಲ್ಲ ಎಂದು ಮಗಳು ಸಮಾಧಾನ ಹೇಳಿದಳು. ಪುಣ್ಯವಂತರು.

ದೇವಸ್ಥಾನದಲ್ಲಿ ಹಳದಿ ಗಂಟನ್ನು ತಟ್ಟೆಗೆ ಹಾಕಿದೆ. ಭಟ್ಟರು ನನ್ನನ್ನು ಚಿಕ್ಕಂದಿನಿಂದ ಕಂಡವರು. ತಪ್ಪುಕಾಣಿಕೆ ಎಂದು ಕಂಡು, ಎಂತ ತಪ್ಪಾಯಿತು ಎಂದು ಮೆಲ್ಲಗೆ ಕೇಳಿದರು. ನನಗೆ ಹೇಳಲು ನಾಚಿಕೆ.

"ನನ್ ಜೊತೆ ಕೂತು ಉಂಡ್ಳು ಭಟ್ರೇ" ಎಂದಳು ಮಗಳು.

ಭಟ್ಟರು ಗಂಟಿನ ಮೇಲೊಂದು ಹೂವಿಟ್ಟು ಒಳಗೆ ತೆಗೆದುಕೊಂಡು ಹೋದರು. ಬಂದು ತೀರ್ಥ ಕೊಟ್ಟು, ಪ್ರಸಾದದ ಊಟ ಮುಗಿಸಿಯೇ ಹೊರಡಿ ಅಂದರು.

ಪಂಕ್ತಿಯಲ್ಲಿ ಎಲೆ ಹಾಕಿದರು. ತವರಿನ ಊರು, ಬಡಿಸುವ ಕೈ ಕಡಿಮೆ ಇದೆ ಅನ್ನಿಸಿ, ನಾನು ಅಭ್ಯಾಸದಂತೆ ಪಲ್ಯದ ಪಾತ್ರೆಯ ಕಡೆ ಎದ್ದೆ. ಸೆರಗು ಜಗ್ಗಿತು. ಮಗಳು ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದರಲ್ಲಿ ಪಕ್ಕದ ಚಾಪೆಯನ್ನು ತಟ್ಟಿದಳು. ಅವಳ ಆಚೆ ಅತ್ತೆ ಆಗಲೇ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದರು. ಕೂತೆ. ಅನ್ನ ಬಂತು, ಸಾರು ಬಂತು. ಮಗಳ ಎಲೆ ತುಂಬಿತ್ತು, ಆದರೂ ಕೈ ಹಾಕದೆ ನನ್ನ ಕಡೆಯೇ ನೋಡುತ್ತಿದ್ದಳು. ನಾನು ಕಲಸಿದೆ. ಅನ್ನ ಬಿಸಿಯಿತ್ತು, ಬೆರಳು ಸುಟ್ಟಿತು.