ತಂಬಿಗೆ ಹಿಡಿದು ನಡೆದ ಅಪ್ಪ

ಹುಬ್ಬಳ್ಳಿಯ ಡಾಕ್ಟರು ಅಪ್ಪನಿಗೆ ಎರಡು ಮಾತು ಹೇಳಿ ಕಳಿಸಿದ್ದರು. ಹೊಲದ ಕೆಲಸ ಬೇಡ, ಆದರೆ ದಿನಾ ಒಂದು ತಾಸು ನಡೆಯಬೇಕು. ಎಂಬತ್ತರ ದಶಕದ ನಡುವಿನ ಮಾತಿದು. ಅರವತ್ತರ ಹತ್ತಿರ ಬಂದಿದ್ದ ಅಪ್ಪ ಎದೆನೋವಿನಿಂದ ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದಿದ್ದ. ನಾನು ಕುಂದಗೋಳದ ಶಾಲೆಯೊಂದರಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದವಳು. ಹೀಗಾಗಿ ಡಾಕ್ಟರ ಮಾತಿನ ಅರ್ಥ ಬಿಡಿಸಿ ಹೇಳುವ ಕೆಲಸ ಮನೆಯಲ್ಲಿ ನನ್ನದೇ ಆಗಿತ್ತು. ನಿಜ ಹೇಳಬೇಕೆಂದರೆ ಅರ್ಥ ನನಗೂ ಆಗಿರಲಿಲ್ಲ.

"ನಿಮ್ಮಪ್ಪ ನಲವತ್ತ ವರ್ಷ ಹೊಲದಾಗ ಎತ್ತಿನ ಕುಂಟಿ ಹಿಂದ ನಡದಾರ. ಅದು ನಡದಂಗ ಅಲ್ಲೇನು?" ಎಂದು ಅವ್ವ ನನ್ನನ್ನು ಹಿಡಿದು ಕೇಳಿದಳು. "ಕುಂಟಿ ಹಿಂದ ನಡೀಬಾರದಂತ, ಸುಮ್ಮ ನಡೀಬೇಕಂತ. ಮುಂದ ಕುಂಟಿ ಐತೋ ಇಲ್ಲೋ ಅನ್ನೂದು ಎದಿಗೆ ಹೆಂಗ ಗೊತ್ತಾಗತೈತಿ?"

ಮಾಸ್ತರಿಣಿಯಾದವಳು ಗೊತ್ತಿಲ್ಲ ಅನ್ನುವುದು ಹೇಗೆ? "ಡಾಕ್ಟರ್ ಹೇಳ್ಯಾರಂದ್ರ ಹೇಳ್ಯಾರ, ನಡದ್ರಾತು" ಎಂದು ಅವಳನ್ನೇ ಗದರಿಸಿದೆ.

ಆದರೆ ನಮ್ಮ ಕುಬಿಹಾಳದಲ್ಲಿ ಸುಮ್ಮನೆ ನಡೆಯುವುದೆಂದರೆ ಹುಡುಗಾಟವಲ್ಲ. ಮೊದಲ ಸಂಜೆ ಅಪ್ಪ ರುಮಾಲು ಸುತ್ತಿಕೊಂಡು ಹೊರಟ. ಊರಬಾಗಿಲ ಅಗಸಿ ದಾಟುವುದರೊಳಗೆ ನಾಲ್ಕು ಜನ "ಎಲ್ಲಿಗ್ರಿ?" ಎಂದರು. "ಸುಮ್ಮ ಹೊಂಟೇನಿ" ಎಂದ. ಸುಮ್ಮನೆ ಹೊರಟವನಿಗೆ ಪುರುಸೊತ್ತು ಇದೆ ಎಂದೇ ಲೆಕ್ಕ. ಎರಡು ಮನೆಯಲ್ಲಿ ಚಹಾ ಆಯಿತು, ಒಂದು ಮನೆಯಲ್ಲಿ ಚುರಮುರಿ. ಕಡೆಗೆ ಎದುರು ಬಂದ ಚಕ್ಕಡಿಯವನು, "ಎದಿ ಬ್ಯಾನಿ ಮನಶ್ಯಾರು ನಡಕೊಂತ ಹೊಂಟೀರಲ್ರಿ, ಹತ್ರಿ ಮ್ಯಾಲೆ" ಎಂದು ಅಪ್ಪನನ್ನು ಹತ್ತಿಸಿಕೊಂಡು ಮನೆಯ ಕಟ್ಟೆಗೇ ತಂದು ಇಳಿಸಿದ. ಬೇಡವೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಆ ವಾರ ಅಪ್ಪ ನಡೆದದ್ದಕ್ಕಿಂತ ಕುಡಿದ ಚಹಾವೇ ಹೆಚ್ಚು.

ಎಂಟನೆಯ ದಿನ ಅಪ್ಪ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊರಟ. ಆಗ ಊರಿನಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ತಂಬಿಗೆ ಹಿಡಿದು ಬಯಲಿಗೆ ಹೊರಟವನನ್ನು ನಮ್ಮ ಕಡೆ ಯಾರೂ ಮಾತನಾಡಿಸುವುದಿಲ್ಲ. ಎದುರು ಬಂದ ಗಂಡಸರು ಮತ್ತೆಲ್ಲೋ ನೋಡುತ್ತಾರೆ, ಹೆಂಗಸರು ಸೆರಗು ಎಳೆದುಕೊಂಡು ಮುಖ ತಿರುಗಿಸಿ ದಾಟಿ ಹೋಗುತ್ತಾರೆ. ಅಪ್ಪ ಯಾರ ಕಾಟವೂ ಇಲ್ಲದೆ ಹಳ್ಳದವರೆಗೆ ಹೋಗಿ, ತುಂಬಿದ ತಂಬಿಗೆಯನ್ನು ತುಂಬಿದ ಹಾಗೇ ಹಿಂದೆ ತಂದ. ನಾನು ನಕ್ಕು ಶಹಬ್ಬಾಸ್ ಅಂದೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ತಿಂಗಳೊಳಗೆ ಅಪ್ಪನ ಮುಖಕ್ಕೆ ಕಳೆ ಬಂತು. ಅಷ್ಟರಲ್ಲಿ ಬಾಜೂ ಮನೆಯ ಕಾಕು ಅವ್ವನನ್ನು ಹಿತ್ತಲಿಗೆ ಕರೆದು, "ನಿಮ್ಮವ್ರಿಗೆ ಹೊಟ್ಟಿ ಕೆಟ್ಟೈತೇನ್ರಿ? ಹ್ವಾದ್ರ ಒಂದೊಂದ ತಾಸು ಬರಂಗಿಲ್ಲ. ಮಜ್ಜಿಗ್ಯಾಗ ಮೆಂತೆ ಹಾಕಿ ಕುಡಸ್ರಿ" ಎಂದಳು. ನಿಜ ಹೇಳಲಾಗದೆ ಅವ್ವ ಹೂಂ ಅಂದು ಬಂದಳು. ಬಂದವಳು ಏನಿದ್ದೀತೋ ಎಂದು ಅಪ್ಪನಿಗೆ ಮೆಂತೆ ಮಜ್ಜಿಗೆ ಕುಡಿಸಿಯೂ ಕುಡಿಸಿದಳು. ಯಾವ ರೋಗಕ್ಕೆ ಯಾವ ಮದ್ದು ನಡೆದಿದೆ ಎಂಬುದೇ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದಂತಾಗಿತ್ತು.

ಜೋಳ ಮೊಳಕಾಲುದ್ದ ಬೆಳೆದಿದ್ದ ದಿನಗಳು. ಒಂದು ಸಂಜೆ ನಾನು, ಊರಿನ ಇನ್ನಿಬ್ಬರು ಹೆಂಗಸರು ಕುಂದಗೋಳದ ಬಸ್ಸಿಳಿದು ಮಾತಾಡುತ್ತ ಮನೆಯ ದಾರಿ ಹಿಡಿದೆವು. ಹೊತ್ತು ಮುಳುಗುತ್ತಿತ್ತು. ಹೊಲದ ಬದುವಿನ ಮರೆಯಲ್ಲಿ ಯಾರೋ ಕೂತಿದ್ದರು, ಬಾಜೂಕ್ಕೆ ತಂಬಿಗೆ. ಅಷ್ಟೇ ಕಂಡದ್ದು. ಮೂವರೂ ಮುಖ ಆಚೆ ಮಾಡಿ, ಮಾತು ನಿಲ್ಲಿಸಿ, ದೌಡು ದೌಡು ದಾಟಿಬಿಟ್ಟೆವು. ವಿಚಾರ ಮಾಡಿ ಮಾಡುವ ಕೆಲಸವಲ್ಲ ಅದು. ಕತ್ತು ತಾನೇ ತಿರುಗುತ್ತದೆ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. "ಒಬ್ಬಾಕಿನ ಬಂದ್ಯಲ್ಲ? ಇವತ್ತ ಹಳ್ಳದ ಕಡೆ ಬ್ಯಾಡ, ಮಗಳನ್ನ ಕರಕೊಂಡು ಬರ್ತೇನಿ ಅಂತ ನಿಮ್ಮಪ್ಪ ಬಸ್ಸಿನ ದಾರೀಲೆ ಹ್ವಾದ್ರಲ್ಲ."

ಕೈಯಲ್ಲಿದ್ದ ಚೀಲ ಎಲ್ಲಿ ಒಗೆದೆನೋ ನೆನಪಿಲ್ಲ. ಓಡಿ ಹೋದಾಗ ಅಪ್ಪ ಅದೇ ಬದುವಿಗೆ ಒರಗಿ ಕೂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈ ಎದೆಯ ಮೇಲಿತ್ತು. ನಮಗಿಂತ ಮೊದಲೂ ಐದಾರು ಜನ ಆ ದಾರಿಯಲ್ಲಿ ಹೋಗಿದ್ದರಂತೆ. ಎಲ್ಲರೂ ಮರ್ಯಾದಸ್ಥರು, ಒಬ್ಬರೂ ತಿರುಗಿ ನೋಡಿರಲಿಲ್ಲ.

ಚಕ್ಕಡಿಯಲ್ಲಿ ಒಯ್ದು, ಮುಂದೆ ಟೆಂಪೋ ಹಿಡಿದು ಹುಬ್ಬಳ್ಳಿ ಮುಟ್ಟಿಸಿದೆವು. ಅಪ್ಪ ಉಳಿದ. ತಡಮಾಡಿ ತಂದಿರೆಂದು ಡಾಕ್ಟರು ಬೈದರು. ಮನೆಗೆ ಕಳಿಸುವಾಗ ಮತ್ತೆ ಅದನ್ನೇ ಹೇಳಿದರು, ತಿಂಗಳು ಬಿಟ್ಟು ನಿಧಾನವಾಗಿ ನಡೆಯಲು ಶುರು ಮಾಡಲಿ ಎಂದು. ನಡೆದದ್ದರಿಂದ ಬಿದ್ದನೋ, ನಡೆದಿದ್ದಕ್ಕೇ ಉಳಿದನೋ ಎಂದು ಕೇಳಿದೆ. ಅವರು ಹೇಳಿದ್ದು ಆಗಲೂ ತಲೆಗೆ ಹತ್ತಲಿಲ್ಲ. ಅಂತೂ ಆಮೇಲೆ ನಾನೇ ಅಪ್ಪನ ಜೋಡಿ ಹೊರಟೆ, ಬರಿಗೈಯಲ್ಲಿ. ಕರೆದವರಿಗೆಲ್ಲ ಅಪ್ಪ "ಎದೀ ಸಲುವಾಗಿ ನಡಿಯಾಕತ್ತೇನ್ರಿ, ನಿಲ್ಲಂಗಿಲ್ಲ" ಎಂದು ಹೇಳಿಬಿಡುತ್ತಿದ್ದ. ಮೊದಲೇ ಹಾಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಸಿಟ್ಟು ಬರುತ್ತಿತ್ತು. ಅದು ಅಪ್ಪನ ಮೇಲೋ ನನ್ನ ಮೇಲೋ, ತಿಳಿಯುತ್ತಿರಲಿಲ್ಲ.

ಒಂದು ಸಂಜೆ ತಡೆಯಲಾಗದೆ ಕೇಳಿದೆ. "ಅಪ್ಪಾ, ಅವತ್ತ ನಾ ದಾಟಿ ಹೋಗಿದ್ದು ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾತು. ದೂರದಿಂದನ ನಿನ್ನ ದನಿ ಕೇಳಿತ್ತು."

"ಮತ್ತ ಯಾಕ ಕರೀಲಿಲ್ಲ?"

"ನೀ ಮಾರಿ ತಿರುವಿದ್ದಿ. ಜೋಡಿ ಇಬ್ಬರು ಹೆಣ್ಣಮಕ್ಕಳು ಬ್ಯಾರೆ. ಕರದಿದ್ರ ಅವರ ಮುಂದ ನಿನಗ ನಾಚಿಕಿ ಆಗ್ತಿತ್ತಲ್ಲ ಯವ್ವಾ."

"ಜೀವ ಹೋಗಿದ್ರ?"

ಅಪ್ಪ ನಾಲ್ಕು ಹೆಜ್ಜೆ ನಡೆದ ಮೇಲೆ ಹೇಳಿದ.

"ಹೋಗತೈತಿ ಅಂತ ತಿಳಕೊಂಡ ಸುಮ್ಮ ಕುಂತಿದ್ದೆ."