ಅಕ್ಕನಿಗೆ ಹೇಳಿಕೊಟ್ಟ ಹೃದಯದ ಪಾಠ

ನಮ್ಮ ಅಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ನಮ್ಮ ಕಡೆ ಅಂಥವರಿಗೆ ಹುಟ್ಟಿನಿಂದಲೇ ಒಂದು ಕೆಲಸ ಅಂಟಿಕೊಂಡುಬಿಡುತ್ತದೆ. ಯಾರಿಗಾದರೂ ಬೆನ್ನು ಉಳುಕಿದರೆ, ಉಸಿರು ಹಿಡಿದುಕೊಂಡರೆ, ಅವರ ಬೆನ್ನಿಗೆ ಕಾಲು ಮುಟ್ಟಿಸಬೇಕು. ಮುಟ್ಟಿಸಿದರೆ ನೋವು ಹೋಗುತ್ತದೆ ಎಂದು ನಂಬಿಕೆ. ಅವಳು ಮದುವೆಯಾಗಿ ಕೊಳಾಲದ ಹತ್ತಿರದ ಹಳ್ಳಿಗೆ ಹೋದಾಗ ಈ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿ ತಲುಪಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು.

ಬಂದವರು ಹಿರಿಯರಾದರೆ ಅವಳಿಗೆ ಪೇಚಾಟ. ದೊಡ್ಡವರಿಗೆ ಕಾಲು ತಗುಲಿಸುವುದು ಹೇಗೆ? ಅದಕ್ಕೆ ಮೊದಲು ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಅವರ ಬೆನ್ನಿಗೆ ಒದೆಯುತ್ತಿದ್ದಳು. ಒದೆಯುವುದು ಎನ್ನುವುದು ಅವಳನ್ನು ರೇಗಿಸಲು ನಾನು ಆಡುತ್ತಿದ್ದ ಮಾತು. ನಿಜಕ್ಕೂ ಅವಳು ಅಂಗಾಲಿನಿಂದ ಮೆಲ್ಲಗೆ ಸವರುತ್ತಿದ್ದಳು. ಮಗುವಿನ ಬೆನ್ನು ತಟ್ಟಿ ಮಲಗಿಸುವಾಗಲೂ ಅಷ್ಟು ಮೃದುವಾಗಿ ಯಾರೂ ತಟ್ಟುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೊದಲು ಪಾವಗಡದ ಕಡೆ ತಿರುಮಣಿಯ ಹತ್ತಿರ ಇದ್ದೆ, ಆಮೇಲೆ ಮಧುಗಿರಿಗೆ ಬಂದೆ. ಪಾಠಗಳಲ್ಲೆಲ್ಲ ನನಗೆ ಇಷ್ಟವಾದದ್ದು ಹೃದಯದ ಪಾಠ. ಪಾವಗಡದ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ಹೃದಯದಲ್ಲಿ ಎಷ್ಟು ಕೋಣೆ ಎಂದರೆ "ಗುಂಡೆಲೋ ನಾಲುಗು ಗದುಲು ಸಾರ್" ಎಂದು ಒಕ್ಕೊರಲಲ್ಲಿ ಕೂಗುತ್ತಿದ್ದರು. ನಾಲ್ಕು ಕೋಣೆ, ಮೇಲೆರಡು, ಕೆಳಗೆರಡು. ಮೈಯೆಲ್ಲ ಸುತ್ತಿ ಬಂದ ಕೆಟ್ಟ ರಕ್ತ ಬಲಗಡೆಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ, ಅಲ್ಲಿ ಗಾಳಿ ಕುಡಿದು ಎಡಗಡೆಗೆ ಬರುತ್ತದೆ, ಎಡಗಡೆಯ ಕೆಳಕೋಣೆ ಅದನ್ನು ಮತ್ತೆ ಮೈಗೆಲ್ಲ ತಳ್ಳುತ್ತದೆ. ನಡುವಿನ ಕವಾಟಗಳು ಬಂದದ್ದನ್ನು ವಾಪಸು ಬಿಡುವುದಿಲ್ಲ. ಹೃದಯ ಎಲ್ಲಿದೆ ಮುಟ್ಟಿ ನೋಡಿ ಎಂದರೆ ಇಡೀ ತರಗತಿಯ ಕೈ ಎಡ ಕಂಕುಳ ಹತ್ತಿರ ಹೋಗುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. "ಸಿನಿಮಾ ನೋಡಿ ಕಲಿತದ್ದು ಸಾಕು, ಎದೆಯ ನಡುವೆ ಇದೆ, ಎಡಕ್ಕೆ ಸ್ವಲ್ಪ ವಾಲಿದೆ ಅಷ್ಟೆ" ಎಂದು ರೇಗುತ್ತಿದ್ದೆ.

ಇಷ್ಟೆಲ್ಲ ರೇಗಿದ ನನಗೆ, ಹೃದಯ ನೊಂದರೆ ನೋವು ಬೆನ್ನಿನಲ್ಲೂ ಕಾಣಿಸಿಕೊಳ್ಳಬಹುದು ಎಂಬುದು ಹೊಳೆಯಲಿಲ್ಲ.

ಅದೊಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಭಾವನ ಹುಣಸೆಹಣ್ಣಿನ ಮೂಟೆಗಳನ್ನು ಲಗೇಜ್ ಆಟೋಗೆ ಏರಿಸಲು ನಾನೂ ಕೈಹಾಕಿದೆ. ಮುಗಿಯುವಷ್ಟರಲ್ಲಿ ಬೆನ್ನಿನ ನಡುವೆ, ಎರಡು ಹೆಗಲ ರೆಕ್ಕೆಗಳ ಮಧ್ಯೆ ಯಾರೋ ಹಿಡಿದು ಹಿಂಡಿದ ಹಾಗಾಯಿತು. ಎಡಗೈ ಜೋಮು ಹಿಡಿಯಿತು, ಬೆವರು ಕಿತ್ತುಕೊಂಡು ಬಂತು. ಮೂಟೆ ಎತ್ತಿದವನಿಗೆ ಬೆವರು ಬರದೆ ಇನ್ನೇನು ಎಂದುಕೊಂಡೆ. ಅಕ್ಕನೂ ಹಾಗೆಯೇ ಅಂದುಕೊಂಡಳು.

"ಉಸ್ರು ಹಿಡ್ಕಂಡೈತೆ ಕಣ್ಲಾ. ಅಭ್ಯಾಸ ಇಲ್ದೋನು ಮೂಟೆ ಎತ್ತಕ್ಕೆ ಹೋದ್ರೆ ಇನ್ನೇನಾಯ್ತದೆ? ಬಾ ಇಲ್ಲಿ, ಬೋರಲು ಮಲಿಕ್ಕೊ."

ಜಗಲಿಯ ಮೇಲೆ ಬೋರಲು ಮಲಗಿದೆ. ನಾನು ಚಿಕ್ಕವನು, ಅವಳಿಗೆ ನಮಸ್ಕಾರದ ಪೇಚಾಟವಿರಲಿಲ್ಲ. ಅವಳ ಅಂಗಾಲು ಬೆನ್ನ ಮೇಲೆ ಹರಿದಾಡಿತು. ಕೆಲಸ ಮಾಡಿ ಮಾಡಿ ಒರಟಾದ, ತಣ್ಣನೆಯ ಅಂಗಾಲು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಇಂಥ ನೋವು ಹೀಗೆ ಬಂದು ಹೋಗಿ ಆಟವಾಡಿಸುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು. ಅವತ್ತು ಮಾತ್ರ ನಾನು ಎದ್ದು ಕೂತು, ಮುದ್ದೆ ಉಂಡು, ಅಕ್ಕನ ಕಾಲಿಗೆ ಬಂಗಾರದ ಗೆಜ್ಜೆ ಹಾಕಿಸಬೇಕು ಎಂದು ಚೇಷ್ಟೆ ಮಾಡಿ, ಬೈಕ್ ಹತ್ತಿ ಮಧುಗಿರಿಗೆ ಬಂದೆ.

ಮರುದಿನ ಬೆಳಗ್ಗೆ ಶಾಲೆಯ ಮೆಟ್ಟಿಲ ಮೇಲೆ ಕುಸಿದೆ. ಜೊತೆಯ ಮೇಷ್ಟ್ರುಗಳು ಆಸ್ಪತ್ರೆಗೆ ಸಾಗಿಸಿದರು. ಇಸಿಜಿ ತೆಗೆದವರು ಮುಖ ಬಿಗಿಮಾಡಿಕೊಂಡು ಆಂಬುಲೆನ್ಸ್ ಹತ್ತಿಸಿದರು. ಬೆಂಗಳೂರಿನಲ್ಲಿ ಮಣಿಕಟ್ಟಿನ ಹತ್ತಿರ ತೂತು ಮಾಡಿ, ಅಲ್ಲಿಂದ ಹೃದಯದವರೆಗೆ ತೆಳ್ಳನೆಯ ಕೊಳವೆ ಬಿಟ್ಟು, ಕಟ್ಟಿಕೊಂಡಿದ್ದ ಕಡೆ ಸ್ಟೆಂಟ್ ಹಾಕಿದರು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ನಾನು ವಿಜ್ಞಾನದ ಮೇಷ್ಟ್ರು ಎಂದು ತಿಳಿದ ಮೇಲೂ ಬಿಡಿಸಿಯೇ ಹೇಳಿದರು. "ಹೃದಯದ ಒಳಗೆ ಅಷ್ಟೊಂದು ರಕ್ತ ಓಡಾಡಿದ್ರೂ ಅದರ ಮಾಂಸಕ್ಕೆ ಅದು ಸಿಗಲ್ಲ ಸಾರ್. ಅದಕ್ಕೆ ಬೇಕಾದ ರಕ್ತ ಹೊರಗಿಂದ, ಸಣ್ಣ ನಾಳಗಳಲ್ಲಿ ಬರಬೇಕು. ನಿಮಗೆ ಅದರಲ್ಲೊಂದು ಮುಚ್ಚಿತ್ತು. ನಿನ್ನೆಯೇ ಬಂದಿದ್ರೆ ಚೆನ್ನಾಗಿತ್ತು, ಒಂದು ಭಾಗದ ಮಾಂಸ ಸತ್ತುಹೋಗಿದೆ."

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. ಊಟ ನಿದ್ದೆ ಕಾಣದೆ ಹೈರಾಣಾಗಿದ್ದಳು. ಅಷ್ಟರಲ್ಲಿ ಅಕ್ಕ ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ವಾರ್ಡಿನ ಬಾಗಿಲಿಗೆ ಬಂದಳು. ನನ್ನವಳಿಗೆ ಅದೆಲ್ಲಿತ್ತೋ ಕೋಪ.

"ನಿನ್ನೆನೇ ಬಂದಿದ್ರೆ ಇಷ್ಟು ಹಾಳಾಗ್ತಿರಲಿಲ್ವಂತೆ ಅತ್ತಿಗೆ. ನೀವು ಕಾಲಲ್ಲಿ ಸವರಿ ಕಳಿಸಿಬುಟ್ರಿ."

ಅಕ್ಕ ಕ್ಯಾರಿಯರನ್ನು ಸ್ಟೂಲಿನ ಮೇಲಿಟ್ಟು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಆಡಿದ ಮಾತಿಗೆ ನನ್ನ ಹೆಂಡತಿ ಅವತ್ತೇ ಅತ್ತಳು. ಫೋನ್ ಮಾಡಿ ತಪ್ಪಾಯಿತು ಎಂದಳು. ಅಕ್ಕ "ನೀನೇನು ಸುಳ್ಳು ಹೇಳ್ಳಿಲ್ವಲ್ಲ, ಬುಡಮ್ಮ" ಎಂದಳಂತೆ.

ಈಗ ನಾನು ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತೇನೆ. ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡಿದರೆ ಏದುಸಿರು ಬರುತ್ತದೆ. ಮಾತ್ರೆ ನುಂಗಿಕೊಂಡು ಇರುತ್ತೇನೆ. ನನ್ನ ಹೃದಯದ ಬಗ್ಗೆ ನನಗೆ ಅಂಥ ಸಂಕಟವೇನಿಲ್ಲ. ಸಂಕಟವಾಗುವುದು ಅಕ್ಕನನ್ನು ನೋಡಿದಾಗ. ಅವತ್ತಿನಿಂದ ಅವಳು ಯಾರಿಗೂ ಕಾಲು ಮುಟ್ಟಿಸಿಲ್ಲ. ಜಗಲಿಗೆ ಬಂದವರನ್ನು "ಆಸ್ಪತ್ರೆಗೆ ಹೋಗ್ರಪ್ಪ" ಎಂದು ವಾಪಸು ಕಳಿಸುತ್ತಾಳೆ. ಅದು ಒಳ್ಳೆಯದೇ, ನಾನೇ ಎಷ್ಟೋ ಸಲ ಹೇಳಬೇಕೆಂದುಕೊಂಡಿದ್ದ ಮಾತು. ಆದರೆ ನನ್ನೆದುರು ಕೂತರೆ ಕಾಲನ್ನು ಮಡಿಚಿ ಸೀರೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಾಳೆ, ಒಂದು ಬೆರಳೂ ಕಾಣದ ಹಾಗೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಹೋದ ತಿಂಗಳು ಗಟ್ಟಿ ಮನಸ್ಸು ಮಾಡಿ ಕೊಳಾಲದ ಬಸ್ಸು ಹತ್ತಿದೆ. ನನಗೆ ಬರುವುದು ಪಾಠ ಒಂದೇ. ಅದನ್ನೇ ಮಾಡಿ ಅವಳನ್ನು ಈ ಕೊರಗಿನಿಂದ ಬಿಡಿಸೋಣ ಎಂದುಕೊಂಡೆ. ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೃದಯ ಬರೆದೆ. ನಾಲ್ಕು ಕೋಣೆ, ಕವಾಟ, ಬರುವ ದಾರಿ, ಹೋಗುವ ದಾರಿ. ಆಮೇಲೆ ಹೊರಮೈ ಮೇಲೆ ಹಬ್ಬಿದ ಸಣ್ಣ ನಾಳಗಳನ್ನು ಎಳೆದೆ. ಒಂದು ಕಡೆ ಅಡ್ಡಗೆರೆ ಹಾಕಿ, ಅದರ ಕೆಳಗಿನ ಭಾಗಕ್ಕೆ ಬಣ್ಣ ತುಂಬಿದೆ. ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಯಾವ ತರಗತಿಯೂ ಅಷ್ಟು ಮನಸ್ಸಿಟ್ಟು ಕೇಳಿದ್ದಿಲ್ಲ.

"ಡ್ರಿಪ್ ಪೈಪ್ನಾಗೆ ಸುಣ್ಣ ಕಟ್ಕಂಡಂಗೆ ಅನ್ನು" ಎಂದಳು. ಅವಳು ತೋಟಕ್ಕೆ ಡ್ರಿಪ್ ಪೈಪಿನಲ್ಲಿ ನೀರು ಬಿಟ್ಟು ಕನಕಾಂಬರ ಬೆಳೆಯುವವಳು.

ನನಗೆ ಖುಷಿಯಾಯಿತು. "ಹೂಂ ಅಕ್ಕ, ಅಂಗೇ. ಅದು ವರ್ಷಗಟ್ಟಲೆ ಕಟ್ಟಿದ್ದು. ನನ್ನ ಬೀಡಿ ಚಟ, ಬಿಪಿ, ಎಲ್ಲ ಸೇರ್ಕೊಂಡು ಕಟ್ಟಿದ್ದು. ನಿನ್ನ ಕಾಲು ತಾಕಿ ಕಟ್ಟಿದ್ದಲ್ಲ. ನಿನ್ನ ಕಾಲಿಗೂ ಇದಕ್ಕೂ ಸಂಬಂಧವೇ ಇಲ್ಲ."

ಅವಳು ತಲೆಯಾಡಿಸಿದಳು. ಬಗ್ಗಿ, ನಾನು ಬಣ್ಣ ತುಂಬಿದ ಜಾಗದ ಮೇಲೆ ಬೆರಳಿಟ್ಟಳು.

"ಬೆಂಗಳೂರ್ನಾಗೆ ಸುಣ್ಣ ಬಿಡಿಸಿದ್ರಲ್ಲ, ನೀರು ಹರೀತಲ್ಲ. ಇದ್ಯಾಕೆ ಚಿಗುರ್ಲಿಲ್ಲ?"

"ಅಷ್ಟೊತ್ತಿಗೆ ಅದು ಸತ್ತಿತ್ತು. ಗಂಟೆಗಟ್ಟಲೆ ರಕ್ತ ಇಲ್ದೆ ಹೋದ್ರೆ ಮಾಂಸ ಬದುಕಲ್ಲ."

ಮೇಷ್ಟ್ರ ಬಾಯಿ, ಪ್ರಶ್ನೆ ಕೇಳಿದರೆ ಉತ್ತರ ತಾನಾಗಿ ಬಂದುಬಿಡುತ್ತದೆ. ಹೇಳಿ ಮುಗಿಸಿದ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು.

"ಭಾನುವಾರ ಮಧ್ಯಾಹ್ನ ಬದುಕಿತ್ತಾ?" ಎಂದು ಕೇಳಿದಳು.

ನಾನು ತಡಬಡಾಯಿಸಿದೆ. ಎಲ್ಲರಿಗೂ ಒಂದೇ ಥರ ಆಗುವುದಿಲ್ಲ ಎಂದೆ. ನೀನು ಕಾಲು ಮುಟ್ಟಿಸದೆ ಇದ್ದಿದ್ದರೂ ನಾನು ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಎಂದೆ. ಉಂಡು ಬೈಕ್ ಹತ್ತಿದವನು ನಾನು, ಓದಿದವನು ನಾನು ಎಂದೆ. ಎಲ್ಲ ನಿಜವೇ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಚಿತ್ರದಿಂದ ಬೆರಳು ತೆಗೆದು, ಅಂಟಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

"ಚೆನ್ನಾಗಿ ಹೇಳ್ಕೊಟ್ಟೆ ಕಣ್ಲಾ" ಎಂದಳು. "ನಿನ್ನ ಹೆಂಡ್ರು ಕೋಪದಾಗೆ ಅಂದ್ಲೋ ಏನೋ ಅಂತ ಇಷ್ಟ್ ದಿನ ಒಂಚೂರು ಅನುಮಾನ ಇತ್ತು ನಂಗೆ. ಈಗ ಅದೂ ಹೋಯ್ತು."