ಓರಿನ್ ವಾಸ್ಕಿಯ ಆರೂವರೆ

ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವುದು, ಬೇಸಿಗೆಯಲ್ಲಿ ಮಣ್ಣುದಾರಿ ಹದ ಮಾಡುವುದು: ಡ್ರೈ ಫೋರ್ಕ್ ಊರಿನ ಸುತ್ತಿನ ಗೋಧಿ ಬಯಲಲ್ಲಿ ಈ ಕೆಲಸ ಓರಿನ್ ವಾಸ್ಕಿಯದು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವ ಅಭ್ಯಾಸವಿದ್ದ ಭಾರಿ ಆಳು. ಅಂಥವನಿಗೆ ತಕ್ಕ ರೈಫಲ್ ಬೇಡವೇ? ಎಲ್ಕ್ ಎಂಬ ದೈತ್ಯ ಕಡವೆಯ ಬೇಟೆಗೆ ಪರವಾನಗಿ ಸಿಕ್ಕ ವರ್ಷ, ಹೊಡೆದಾಗ ಭುಜಕ್ಕೆ ಜೋರಾಗಿ ಒದೆಯುವ ಮುನ್ನೂರರ ಮ್ಯಾಗ್ನಮ್ ರೈಫಲ್ ತಂದ. ಎಲ್ಕ್ ಸಿಗಲಿಲ್ಲ, ರೈಫಲ್ ಮಾತ್ರ ಉಳಿಯಿತು. ಅಂದಿನಿಂದ ಜಿಂಕೆಗೂ ಅದೇ, ಭಾನುವಾರ ಜಲ್ಲಿ ಗುಂಡಿಯಲ್ಲಿ ನಡೆಯುವ ದೂರದ ಗುರಿಯಾಟಕ್ಕೂ ಅದೇ. ಓರಿನ್ ಬಂದೂಕಿನ ಕುದುರೆ ಎಳೆದರೆ ಪಕ್ಕದವರ ಟೋಪಿ ಹಾರುತ್ತದೆ ಎಂದು ಕೆಫೆಯಲ್ಲಿ ಮಾತಿತ್ತು. ಆ ಮಾತು ಅವನಿಗೆ ಹಿತವಾಗಿಯೇ ಇತ್ತು.

ಆದರೆ ಟೋಪಿ ಹಾರಿದಷ್ಟು ಸಲೀಸಾಗಿ ಜಿಂಕೆ ಬೀಳುತ್ತಿರಲಿಲ್ಲ. ಕಳೆದ ನವೆಂಬರಿನಲ್ಲಂತೂ ಗೋಧಿ ಕೊಯ್ದ ಹೊಲದಲ್ಲಿ ಒಂದು ಗಂಡು ಜಿಂಕೆ ಪಕ್ಕೆ ತೋರಿಸಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ನಿಂತಿತ್ತು. ಓರಿನ್ ಹೊಡೆದ. ಅದು ಒಮ್ಮೆ ಇವನತ್ತ ನೋಡಿ, ನಿಧಾನವಾಗಿ ಬೇಲಿ ಹಾರಿ ಹೋಯಿತು.

"ದುರ್ಬೀನು ಸಡಿಲ ಆಗಿದೆ," ಎಂದ ಓರಿನ್.

ಜೊತೆಗಿದ್ದ ಲೈಲ್ ಕೊವಾಚ್ ರೈಫಲ್ ಇಸಿದುಕೊಂಡು, ಬೇಲಿಕಂಬದ ಮೇಲೆ ಕಾಫಿ ಡಬ್ಬಿಯ ಮುಚ್ಚಳ ಸಿಕ್ಕಿಸಿ, ಅದರ ನಟ್ಟನಡುವೆ ತೂತು ಮಾಡಿದ. "ದುರ್ಬೀನಿಗೆ ಏನೂ ಆಗಿಲ್ಲ ಕಣೋ. ಸಡಿಲ ಆಗಿರೋದು ನನ್ನ ಹಲ್ಲು!" ಎಂದು ದವಡೆ ಹಿಡಿದುಕೊಂಡ.

ಓರಿನ್ ನಕ್ಕ. ಮನೆಗೆ ಬಂದವನು ಮಾತ್ರ ಊಟ ಸೇರದೆ ಎದ್ದುಬಿಟ್ಟ. ಹೆಂಡತಿ ನಾದೀನ್ ಅದನ್ನು ಗಮನಿಸಿದಳು. ವಸಂತ ಬಂದು ಹಿಮ ಕರಗಿದ ಮೇಲೆ ಒಂದು ಸಂಜೆ ಸೌತೆಕಾಯಿ ಉಪ್ಪಿನಕಾಯಿಯ ಸೀಸೆ ಅವನ ಕೈಗಿಟ್ಟಳು. "ಹೆಸ್ಟರ್ ಆಂಟಿಗೆ ಕೊಟ್ಟು ಬಾ. ಹಾಗೇ ರೈಫಲ್ಲೂ ತಗೊಂಡು ಹೋಗು."

ಹೆಸ್ಟರ್ ನಾದೀನಳ ಚಿಕ್ಕಮ್ಮ. ಎಪ್ಪತ್ತು ದಾಟಿದ, ಹಿಡಿಯಷ್ಟಿನ ಹೆಂಗಸು. ಜಲ್ಲಿ ಗುಂಡಿಯ ಗುರಿಯಾಟ ನಡೆಸುವವಳೂ ಅವಳೇ, ಅಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವಳೂ ಅವಳೇ. ಓರಿನ್ ಹೋದಾಗ ಗುಂಡಿಯಲ್ಲಿ ಅವಳ ಹೊರತು ಬೇರೆ ಯಾರೂ ಇರಲಿಲ್ಲ.

"ತೋಟಾ ನಾನು ತುಂಬ್ತೀನಿ, ನೀನು ಹೊಡಿ," ಎಂದಳು.

ಓರಿನ್ ಕೆಲವು ಗುಂಡು ಹಾರಿಸಿದ. ಮತ್ತೆ ಕುದುರೆ ಎಳೆದಾಗ ಟಿಕ್ ಎಂದಿತಷ್ಟೆ. ಆದರೂ ನಳಿಗೆ ಕಾಳು ಹೆಕ್ಕುವ ಕೋಳಿಯ ಹಾಗೆ ನೆಲಕ್ಕೆ ಕುಕ್ಕಿತು.

"ಆಂಟಿ, ಇದ್ರಲ್ಲಿ ತೋಟಾನೇ ಇರ್ಲಿಲ್ವಲ್ಲ!"

"ಇರ್ಲಿಲ್ಲ. ನೀನು ಮಾತ್ರ ಕಣ್ಮುಚ್ಚಿ ಬೆಚ್ಚಿಬಿದ್ದೆ. ಅದು ಒದೆಯೋಕೆ ಮುಂಚೆ ನೀನೇ ಒದೆಸಿಕೊಳ್ತೀಯ ಕಣಪ್ಪ."

ಓರಿನ್‌ನ ಮುಖ ಕಿವಿಯವರೆಗೂ ಕೆಂಪೇರಿತು. ಮಂಜುಗಡ್ಡೆಗೆ ಹೆದರದವನು, ಹುಚ್ಚು ಹೋರಿಗೆ ಹೆದರದವನು, ತನ್ನದೇ ರೈಫಲ್ಲಿಗೆ ಹೆದರುತ್ತಿದ್ದಾನೆ! "ನಾದೀನ್‌ಗೆ ಹೇಳ್ಬೇಡಿ ಆಂಟಿ," ಎಂದ ಸಣ್ಣ ದನಿಯಲ್ಲಿ.

"ಬರೀ ಉಪ್ಪಿನಕಾಯಿ ಕೊಡೋಕೆ ರೈಫಲ್ ಯಾಕೆ ಬೇಕಿತ್ತು ಅಂತ ನೀನೇ ಯೋಚನೆ ಮಾಡು," ಎಂದಳು ಹೆಸ್ಟರ್. ನಾದೀನ್‌ಗೆ ಮೊದಲೇ ಗೊತ್ತಿತ್ತೆಂದು ಹೊಳೆದು ಓರಿನ್ ನಗತೊಡಗಿದ. ನಕ್ಕ ಮೇಲೆ ಎದೆ ಹಗುರವಾಯಿತು.

ಆ ಬೇಸಿಗೆಯೆಲ್ಲ ಅವನು ಊರಿನವರ ರೈಫಲ್ಲುಗಳನ್ನು ಒಂದೊಂದಾಗಿ ಭುಜಕ್ಕೆ ಕೊಟ್ಟು ನೋಡಿದ. ಇನ್ನೂರ ನಲವತ್ತಮೂರು ಎಂಬ ಗುಂಡಿನಳತೆಯದು ಬಲು ಮೆದು, ಜಿಂಕೆಗೂ ಸಾಕು. ಆದರೆ ಬೆಳೆದ ಗೋಧಿಯನ್ನೇ ಮಲಗಿಸುವ ಇಲ್ಲಿನ ಗಾಳಿ ಅದರ ಹಗುರ ಗುಂಡನ್ನು ದೂರದಲ್ಲಿ ಎತ್ತಲೋ ತಳ್ಳುತ್ತಿತ್ತು. ಮುನ್ನೂರ ಎಂಟು ನಂಬಿಕಸ್ಥ. ಆದರೆ ಗುರಿ ದೂರವಾದಷ್ಟೂ ಗುಂಡು ಬೇಗ ಇಳಿಯುತ್ತಿತ್ತು, ಸಂಜೆಯ ಹೊತ್ತಿಗೆ ಭುಜಕ್ಕೆ ಹಳೆಯ ಹೆದರಿಕೆಯೂ ನೆನಪಾಗುತ್ತಿತ್ತು. ಕೊನೆಗೆ ಹೆಸ್ಟರ್ ತನ್ನ ಆರೂವರೆ ಮಿಲಿಮೀಟರಿನ ಕ್ರೀಡ್‌ಮೋರ್ ರೈಫಲ್ ಹೊಡೆದು ನೋಡಲು ಕೊಟ್ಟಳು. ಸಪೂರವಾದ ಉದ್ದ ಗುಂಡು. ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಒದೆತವೋ, ಗೆಳೆಯ ಭುಜ ತಟ್ಟಿದ ಹಾಗೆ.

"ಇದು ಜಿಂಕೆಗೆ ಸಾಲುತ್ತಾ ಆಂಟಿ?"

"ಮುನ್ನೂರು ಗಜದೊಳಗೆ, ಸರಿಯಾದ ಜಾಗಕ್ಕೆ ಹಾಕಿದ್ರೆ ಧಾರಾಳವಾಗಿ ಸಾಲುತ್ತೆ. ಅದಕ್ಕಿಂತ ದೂರದ ಚಪಲ ಇದ್ರೆ ಇಲ್ಲಿರೋ ಗುರಿ ತಗಡಿಗೆ ಹೊಡಿ. ತಗಡಿಗೆ ನೋವಾಗಲ್ಲ."

ಓರಿನ್ ಅಂಥದೇ ಒಂದನ್ನು ಕೊಂಡ. ಮ್ಯಾಗ್ನಮ್ಮನ್ನು ಕರಡಿಗಳ ನಡುವೆ ಬದುಕುವ ಅಲಾಸ್ಕಾದ ಭಾವಮೈದುನನಿಗೆ ಕೊಟ್ಟುಬಿಟ್ಟ. ಸುದ್ದಿ ಕೆಫೆಗೆ ಮುಟ್ಟಲು ಎಷ್ಟು ಹೊತ್ತು?

"ಆರೂವರೆಯಾ? ಅದು ನಾನು ಹಾಸಿಗೆ ಬಿಟ್ಟು ಏಳೋ ಹೊತ್ತು ಮಾರಾಯ! ಬಂದೂಕಿಗೂ ಅದೇ ಹೆಸರಾ?" ಎಂದ ಲೈಲ್.

ಕಾಫಿ ಸುರಿಯುತ್ತಿದ್ದ ಡಾರ್ಲಾ, "ಹಾಗಾದ್ರೆ ಓರಿನ್‌ಗೆ ಇನ್ಮೇಲೆ ಮಕ್ಕಳ ಪ್ಯಾನ್‌ಕೇಕೇ ಕೊಡ್ತೀನಿ," ಎಂದಳು.

"ಎರಡು ಪ್ಲೇಟು ಕೊಡು. ಸಿರಪ್ ಜಾಸ್ತಿ ಇರ್ಲಿ," ಎಂದ ಓರಿನ್. ಹಾಗೆ ಹೇಳಲು ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ನವೆಂಬರ್ ಬಂತು. ಕೊರಕಲಿನ ಆಚೆ ದಂಡೆಯಲ್ಲಿ, ಇನ್ನೂರು ಗಜದ ಆಸುಪಾಸಿನಲ್ಲಿ, ಕವಲುಗೊಂಬಿನ ಒಂದು ಜಿಂಕೆ ಮೇಯುತ್ತಿತ್ತು. ಓರಿನ್ ಮೊಣಕಾಲೂರಿ, ಉಸಿರು ಅರ್ಧ ಬಿಟ್ಟು, ಕುದುರೆಯನ್ನು ಮೆಲ್ಲಗೆ ಒತ್ತಿದ. ಕಣ್ಣು ತೆರೆದೇ ಇತ್ತು. ಮುಂಗಾಲ ಹಿಂದೆ ಕೂದಲು ಅಲುಗಿದ್ದು, ಜಿಂಕೆ ಎರಡು ನೆಗೆತ ಹಾರಿ ಮುಗ್ಗರಿಸಿ ಹುಲ್ಲಿಗೆ ಬಿದ್ದದ್ದು, ಎಲ್ಲವೂ ದುರ್ಬೀನಿನೊಳಗೇ ಕಂಡಿತು. ಅವನ ಬೇಟೆಯ ಬಾಳಿನಲ್ಲಿ ಅದು ಮೊದಲು. ಹಿಂದೆಲ್ಲ ಹೊಡೆತದ ಜೊತೆಗೇ ದುರ್ಬೀನು ಆಕಾಶ ನೋಡುತ್ತಿತ್ತು, "ಬಿತ್ತಾ?" ಎಂದು ಲೈಲ್‌ನನ್ನು ಕೇಳಬೇಕಾಗುತ್ತಿತ್ತು.

ಅವನು ಟೋಪಿ ತೆಗೆದು ಸ್ವಲ್ಪ ಹೊತ್ತು ಹಾಗೇ ಕುಳಿತ.

"ಏನಾಯ್ತೋ? ಕಾಲು ಹಿಡ್ಕೊಂಡಿತಾ?" ಎಂದ ಪಕ್ಕದಲ್ಲಿದ್ದ ಲೈಲ್.

"ಇಲ್ಲ ಕಣೋ. ಅದು ನರಳಲಿಲ್ಲ. ನಾನೇ ನೋಡಿದೆ."

ಲೈಲ್ ಚಾಕು ತೆಗೆದುಕೊಂಡು ಮುಂದೆ ನಡೆದ.

ಆ ವಾರ ನಾದೀನ್ ಬೆನ್ನಿನ ಮಾಂಸವನ್ನು ಬೆಣ್ಣೆ, ಈರುಳ್ಳಿಯಲ್ಲಿ ಹುರಿದಳು. ಓರಿನ್ ಎರಡೆರಡು ಸಲ ಬಡಿಸಿಕೊಂಡ. ಭಾನುವಾರ ಜಲ್ಲಿ ಗುಂಡಿಯಲ್ಲಿ ಎಂಟುನೂರು ಗಜದ ತಗಡಿಗೆ ಗುರಿಯಿಟ್ಟು ಮಲಗಿದ. ಗುಂಡು ಹೋಯಿತು, ತಗಡು ಸದ್ದು ಮಾಡಲಿಲ್ಲ.

"ತಪ್ಪಿತಲ್ಲಪ್ಪ," ಎಂದಳು ಹೆಸ್ಟರ್.

"ಹೌದು ಆಂಟಿ, ಒಂದು ಗೇಣು ಎಡಕ್ಕೆ. ಧೂಳು ಎದ್ದಿದ್ದು ಕಂಡೆ," ಎಂದು ಓರಿನ್ ಹಿಗ್ಗಿನಿಂದ ಹೇಳಿ, ಇನ್ನೊಂದು ತೋಟಾಕ್ಕೆ ಕೈ ಹಾಕಿದ.